ಗೆದ್ದವರು ಮನೆಗೆ, ಸೋತವರು ಪೋರ್ಟೊಗೆ

ನಮ್ಮ ಅಪಾರ್ಟ್‌ಮೆಂಟಿನ ಹುಡುಗನೊಬ್ಬ ವೇಲ್ಸ್‌ನ ಫುಟ್‌ಬಾಲ್ ಕ್ಲಬ್ ರೆಕ್ಸ್‌ಹ್ಯಾಮ್ ತಂಡದ ಕೆಂಪು ಜರ್ಸಿ ಹಾಕಿಕೊಂಡು ಓಡಾಡುತ್ತಾನೆ. ಹಾಲಿವುಡ್ಡಿನ ಇಬ್ಬರು ನಟರು 2021ರಲ್ಲಿ ಆ ಕ್ಲಬ್ ಕೊಂಡರು. ಆಮೇಲೆ ಅದು 2023, 2024, 2025 ಹೀಗೆ ಮೂರು ವರ್ಷ ಸತತವಾಗಿ, ತಾನು ಆಡುವ ಇಂಗ್ಲೆಂಡಿನ ಲೀಗುಗಳಲ್ಲಿ, ಮೇಲಿನ ಡಿವಿಷನ್ನಿಗೆ ಏರಿತು. ಹಾಗಾಗಿ ಬೆಂಗಳೂರಲ್ಲಿ ಆ ಜರ್ಸಿ ಕಂಡರೆ ಈಗ ಯಾರಿಗೂ ಆಶ್ಚರ್ಯ ಇಲ್ಲ. ಮೊನ್ನೆ ಲಿಫ್ಟಿನಲ್ಲಿ ಸಿಕ್ಕವನು ಕೇಳಿದ: "ಅಂಕಲ್, ವೇಲ್ಸ್‌ನವರದ್ದೇ ಒಂದು ಕಪ್ ಇದೆಯಂತಲ್ಲ, ಅದರಲ್ಲಿ ರೆಕ್ಸ್‌ಹ್ಯಾಮ್ ಯಾಕೆ ಆಡಲ್ಲ?" ಆಡುವ ಹಾಗಿಲ್ಲ ಕಣೋ ಅಂದೆ. "ಹಂಗಾದ್ರೆ ಅದನ್ನ ಜಾಸ್ತಿ ಸಲ ಗೆದ್ದಿರೋರು ಯಾರು?" ರೆಕ್ಸ್‌ಹ್ಯಾಮ್, 23 ಸಲ. ಅವನು ನನ್ನನ್ನೇ ನೋಡಿದ. ಎರಡನೇ ಸ್ಥಾನದಲ್ಲಿರುವ ಕಾರ್ಡಿಫ್ ಸಿಟಿ 22 ಸಲ ಗೆದ್ದಿದೆ, ಅವರೂ ಆಡುವ ಹಾಗಿಲ್ಲ ಅಂತ ಹೇಳುವಷ್ಟರಲ್ಲಿ ನಾಲ್ಕನೇ ಮಹಡಿ ಬಂದಿತ್ತು.

ವೇಲ್ಸ್‌ನ ಎರಡು ಕ್ಲಬ್ಬುಗಳು ವೇಲ್ಸ್‌ನ ಕಪ್ಪಿಗಾಗಿ ಫೈನಲ್ ಆಡುವುದು ಕೇಳಲು ಎಷ್ಟು ಸರಳವಾಗಿದೆ. ಆದರೆ ಆ ಫೈನಲ್ಲಿನ ಇತಿಹಾಸದಲ್ಲಿ "ಎರಡು ವೇಲ್ಸ್ ಕ್ಲಬ್ಬುಗಳು" ಅನ್ನುವ ಭಾಗವೇ ಯಾವತ್ತೂ ಸರಿಯಾಗಿ ಕೂರಲಿಲ್ಲ. ಗೆದ್ದವರು ಇಂಗ್ಲೆಂಡಿನವರು ಅಂತ ಸೋತವರನ್ನು ಯುರೋಪಿಗೆ ಕಳಿಸಿದ ವರ್ಷಗಳಿವೆ. ಈಗ ಆ ದೇಶದ ಚಾಂಪಿಯನ್ ತಂಡದ ಮೈದಾನ ಇರುವುದೇ ಇಂಗ್ಲೆಂಡಿನಲ್ಲಿ. ರಾಜಧಾನಿಯ ತಂಡ ಆಡುವುದು ಇಂಗ್ಲೆಂಡಿನ ಲೀಗಿನಲ್ಲಿ. ಇದನ್ನೆಲ್ಲ ಲಿಫ್ಟಿನಲ್ಲಿ ಹೇಳಲಾಗಲಿಲ್ಲ, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಒಂದೇ ರೈಲಿನಲ್ಲಿ ಇಡೀ ಕಥೆ

ಕೆಲಸದ ಮೇಲೆ ಕೆಲವು ಕಾಲ ನಾನು ಚೆಸ್ಟರ್ ಊರಿನಲ್ಲಿದ್ದೆ. ಚೆಸ್ಟರ್ ಇಂಗ್ಲೆಂಡಿನ ಊರು. ಆದರೆ ಅಲ್ಲಿನ ಫುಟ್‌ಬಾಲ್ ಕ್ಲಬ್ಬಿನ ಆಫೀಸು ಇಂಗ್ಲೆಂಡಿನಲ್ಲಿ, ಆಡುವ ಪಿಚ್ಚು ವೇಲ್ಸ್‌ನಲ್ಲಿ. ತಮಾಷೆಗೆ ಹೇಳುತ್ತಿಲ್ಲ, ಗಡಿಗೆರೆ ನಿಜಕ್ಕೂ ಆ ಕ್ರೀಡಾಂಗಣದ ಜಾಗದಲ್ಲೇ ಹಾದುಹೋಗುತ್ತದೆ. 2022ರ ಜನವರಿಯಲ್ಲಿ ಕೊರೊನಾ ನಿಯಮ ವೇಲ್ಸ್‌ನಲ್ಲಿ ಬಿಗಿಯಾಗಿದ್ದಾಗ, ಇಂಗ್ಲೆಂಡಿನ ಲೀಗಿನಲ್ಲಿ ಆಡುವ ಈ ಕ್ಲಬ್ಬಿಗೆ ನೀವು ವೇಲ್ಸ್‌ನ ನಿಯಮ ಪಾಲಿಸಬೇಕು ಅಂತ ಹೇಳಿದ್ದರಿಂದ ದೊಡ್ಡ ಗಲಾಟೆ ಆಗಿತ್ತು. ಅಂದ ಹಾಗೆ ಚೆಸ್ಟರ್ ಕೂಡ ವೇಲ್ಸ್ ಕಪ್ಪನ್ನು ಮೂರು ಸಲ ಗೆದ್ದಿದೆ.

ಅಲ್ಲಿಂದ ಒಂದು ಶನಿವಾರ ಕಾರ್ಡಿಫ್‌ಗೆ ರೈಲು ಹತ್ತಿದೆ. ಹೆಚ್ಚುಕಮ್ಮಿ ಮೂರು ಗಂಟೆಯ ದಾರಿ. ಚೆಸ್ಟರ್ ಬಿಟ್ಟ ಸ್ವಲ್ಪ ಹೊತ್ತಿಗೇ ರೆಕ್ಸ್‌ಹ್ಯಾಮ್ ಬಂತು. ಸ್ಟೇಷನ್ನಿನ ಪಕ್ಕದಲ್ಲೇ ರೇಸ್‌ಕೋರ್ಸ್ ಮೈದಾನ. ವೇಲ್ಸ್ ತಂಡ 1877ರಲ್ಲಿ ತನ್ನ ನೆಲದ ಮೊದಲ ಅಂತರರಾಷ್ಟ್ರೀಯ ಪಂದ್ಯ ಆಡಿದ್ದು ಅಲ್ಲಿ. ಆಮೇಲೆ ರುವಾಬನ್, ಆಮೇಲೆ ಡೀ ನದಿಯ ಮೇಲಿನ ಎತ್ತರದ ಕಲ್ಲಿನ ಸೇತುವೆ, ಆಮೇಲೆ ಚರ್ಕ್. ಅಲ್ಲೊಂದು ಕಣಿವೆ ದಾಟುವಾಗ ರೈಲಿನ ಸೇತುವೆಗೆ ಅಂಟಿಕೊಂಡ ಹಾಗೆ ಇನ್ನೊಂದು ಸೇತುವೆ ಕಾಣುತ್ತದೆ, ಅದರ ಮೇಲೆ ಹರಿಯುವುದು ಕಾಲುವೆ ನೀರು. ಆ ಕಣಿವೆ ದಾಟಿದರೆ ಇಂಗ್ಲೆಂಡು. ಮುಂದಿನ ಸ್ಟೇಷನ್ ಗೊಬೋವೆನ್. ವೇಲ್ಸ್‌ನ ಲೀಗನ್ನು ವರ್ಷ ವರ್ಷ ಗೆಲ್ಲುವ ದಿ ನ್ಯೂ ಸೇಂಟ್ಸ್, ಎಲ್ಲರ ಬಾಯಲ್ಲಿ ಟಿಎನ್‌ಎಸ್, ಆಡುವ ಪಾರ್ಕ್ ಹಾಲ್ ಮೈದಾನಕ್ಕೆ ಅಲ್ಲೇ ಇಳಿಯಬೇಕು. ಅಲ್ಲಿಂದ ಶ್ರೂಸ್‌ಬರಿ, ಲಡ್‌ಲೊ, ಹೆರೆಫರ್ಡ್. ಎಲ್ಲ ಇಂಗ್ಲೆಂಡೇ. ಆಬರ್ಗವೆನಿ ಬಂದಾಗಷ್ಟೇ ಮತ್ತೆ ವೇಲ್ಸ್, ಆಮೇಲೆ ನ್ಯೂಪೋರ್ಟ್, ಕೊನೆಗೆ ಕಾರ್ಡಿಫ್.

ಉತ್ತರ ವೇಲ್ಸ್‌ನಿಂದ ದಕ್ಷಿಣ ವೇಲ್ಸ್‌ಗೆ ಹೋಗುವ ರೈಲು ಅರ್ಧಕ್ಕಿಂತ ಹೆಚ್ಚು ದಾರಿ ಬೇರೆ ದೇಶದಲ್ಲೇ ಓಡುತ್ತದೆ. ನಡುವೆ ಬೆಟ್ಟಗಳಿವೆ, ಹಳಿ ಹಾಕಿದವರು ಸಮತಟ್ಟು ಜಾಗ ಹುಡುಕಿಕೊಂಡು ಆಚೆ ಹೋದರು. ಫುಟ್‌ಬಾಲೂ ಹಾಗೇ ಹೋಯಿತು. ಉತ್ತರದ ಕ್ಲಬ್ಬುಗಳಿಗೆ ಕಾರ್ಡಿಫ್‌ಗಿಂತ ಲಿವರ್‌ಪೂಲ್, ಮ್ಯಾಂಚೆಸ್ಟರ್ ಹತ್ತಿರ. ದಕ್ಷಿಣದವರಿಗೆ ಬ್ರಿಸ್ಟಲ್ ಹತ್ತಿರ. ದಿನಾ ಆಡಲು ಎದುರಾಳಿ ಬೇಕಲ್ಲ, ಪಕ್ಕದ ಊರಿನವರ ಜೊತೆ ಆಡಿದರು. ಗಡಿ ಯಾವ ಕಡೆ ಅಂತ ಆಗ ಯಾರೂ ಯೋಚಿಸಲಿಲ್ಲ.

ಆ ದಿನ ಎದುರು ಸೀಟಿನಲ್ಲಿ ಕೂತಿದ್ದ ವಯಸ್ಸಾದವರೊಬ್ಬರು ರೆಕ್ಸ್‌ಹ್ಯಾಮ್‌ನಲ್ಲಿ ಹತ್ತಿದ್ದರು. ನಾನು ಮೈದಾನದ ಕಡೆ ಬಗ್ಗಿ ನೋಡಿದ್ದನ್ನು ಗಮನಿಸಿ ಮಾತಿಗಿಳಿದರು. ನಟರ ವಿಷಯ ಬಂದಾಗ ಸುಮ್ನೆ ನಕ್ಕು ಬಿಟ್ಟರು. ಪೋರ್ಚುಗಲ್‌ನ ದೊಡ್ಡ ತಂಡ ಪೋರ್ಟೊ ವಿಷಯ ಬಂದಾಗ ಮಾತ್ರ ಶ್ರೂಸ್‌ಬರಿ ತನಕ ನಿಲ್ಲಿಸಲಿಲ್ಲ.

1984ರ ಸೋಲು

1961ರಿಂದ ವೇಲ್ಸ್ ಕಪ್ ಗೆದ್ದವರಿಗೆ ದೇಶ ದೇಶದ ಕಪ್ ಗೆದ್ದವರು ಸೇರುವ ಯುರೋಪಿನ ಕಪ್ ವಿನ್ನರ್ಸ್ ಕಪ್ಪಿನಲ್ಲಿ ಆಡುವ ಅವಕಾಶ ಇತ್ತು. ತೊಂದರೆ ಏನೆಂದರೆ ಗಡಿಯಾಚೆಯ ಇಂಗ್ಲಿಷ್ ಕ್ಲಬ್ಬುಗಳೂ ಈ ಕಪ್ಪಿನಲ್ಲಿ ಆಡುತ್ತಿದ್ದವು. ಶ್ರೂಸ್‌ಬರಿ ಆರು ಸಲ ಗೆದ್ದಿದೆ. ಬ್ರಿಸ್ಟಲ್ ಸಿಟಿ, ಕ್ರೂ ಅಲೆಕ್ಸಾಂಡ್ರಾ, ಟ್ರಾನ್‌ಮಿಯರ್ ಗೆದ್ದಿವೆ. ಆದರೆ ಯುರೋಪಿನಲ್ಲಿ ವೇಲ್ಸ್ ಪರವಾಗಿ ಇಂಗ್ಲೆಂಡಿನ ಕ್ಲಬ್ ಹೋಗುವ ಹಾಗಿಲ್ಲ. ಆದ್ದರಿಂದ ಇಂಗ್ಲಿಷ್ ಕ್ಲಬ್ ಗೆದ್ದರೆ ಕಪ್ ಮಾತ್ರ ಅವರಿಗೆ, ವಿಮಾನದ ಟಿಕೆಟ್ ಸೋತವರಿಗೆ.

1984ರ ಫೈನಲ್ಲಿನಲ್ಲಿ ಶ್ರೂಸ್‌ಬರಿ ರೆಕ್ಸ್‌ಹ್ಯಾಮನ್ನು ಸೋಲಿಸಿತು. ಆಗ ರೆಕ್ಸ್‌ಹ್ಯಾಮ್ ಇಂಗ್ಲೆಂಡಿನ ನಾಲ್ಕನೇ ಡಿವಿಷನ್ನಿನಲ್ಲಿ ತಳದ ಹತ್ತಿರ ಒದ್ದಾಡುತ್ತಿದ್ದ ತಂಡ. ಸೋತು ಮನೆಗೆ ಹೋದವರಿಗೆ ಮೊದಲ ಸುತ್ತಿನಲ್ಲಿ ಸಿಕ್ಕ ಎದುರಾಳಿ ಪೋರ್ಟೊ. ಅದೇ ವರ್ಷ ಅದೇ ಟೂರ್ನಿಯ ಫೈನಲ್ಲಿನಲ್ಲಿ ಯುವೆಂಟಸ್‌ಗೆ ಸೋತಿದ್ದ ಪೋರ್ಟೊ. ರೇಸ್‌ಕೋರ್ಸಿನಲ್ಲಿ ರೆಕ್ಸ್‌ಹ್ಯಾಮ್ 1–0 ಗೆದ್ದಿತು. ಗೋಲು ಹೊಡೆದವರು ಜಿಮ್ ಸ್ಟೀಲ್. ಸರಿ, ಮನೆಯಲ್ಲಿ ಗೆದ್ದರು, ಅಲ್ಲಿ ಹೋದರೆ ನೋಡೋಣ ಅಂತ ಎಲ್ಲರೂ ಅಂದುಕೊಂಡರು. ಅಲ್ಲಿ ಹೋದಾಗ ಮಳೆ. ಅರ್ಧ ಹೊತ್ತು ಮುಗಿಯುವ ಮೊದಲೇ ಪೋರ್ಟೊ ಮೂರು ಗೋಲು ಹೊಡೆದು ಮುಗಿಸಿತ್ತು. ಆಮೇಲೆ ಡಿಫೆಂಡರ್ ಜೇಕ್ ಕಿಂಗ್ ಎರಡು ಗೋಲು ಹಾಕಿದರು. ಪೋರ್ಟೊ ನಾಲ್ಕನೆಯದು ಹೊಡೆಯಿತು. ಪಂದ್ಯ ಇನ್ನೇನು ಮುಗಿಯಬೇಕು ಅನ್ನುವಾಗ ಬ್ಯಾರಿ ಹಾರ್ನ್ ಹೊಡೆದರು, 4–3. ಎರಡೂ ಪಂದ್ಯ ಸೇರಿ 4–4. ಎದುರಾಳಿ ನೆಲದಲ್ಲಿ ಹೆಚ್ಚು ಗೋಲು ಹೊಡೆದದ್ದಕ್ಕೆ ರೆಕ್ಸ್‌ಹ್ಯಾಮ್ ಮುಂದೆ ಹೋಯಿತು. ಮುಂದಿನ ಸುತ್ತಿನಲ್ಲಿ ರೋಮಾ ಎದುರು ಸೋತರು, ಅದು ಬೇರೆ ಮಾತು.

ನನ್ನ ಎದುರಿಗಿದ್ದವರು ಪೋರ್ಟೊಗೆ ಹೋಗಿರಲಿಲ್ಲ. ರೇಡಿಯೊ ಹಿಡಿದುಕೊಂಡು ಅಡುಗೆಮನೆಯಲ್ಲಿ ಕೂತಿದ್ದರಂತೆ. ಮೂರನೇ ಗೋಲು ಬಿದ್ದಾಗ ಆಫ್ ಮಾಡಿ, ಚಹಾಕ್ಕೆ ನೀರಿಟ್ಟು, ಮತ್ತೆ ಹಾಕಿದರಂತೆ. ಹಾರ್ನ್ ಗೋಲನ್ನು ನನಗೆ ಅವರು ಕೈಯಲ್ಲಿ ತೋರಿಸಿದರು, ಕಣ್ಣಾರೆ ಕಂಡವರ ಹಾಗೆ. ರೈಲು ಶ್ರೂಸ್‌ಬರಿಗೆ ಬಂತು, ಅವರು ಅಲ್ಲೇ ಇಳಿಯುವವರು. ಇಳಿಯುವ ಮುಂಚೆ ಪ್ಲಾಟ್‌ಫಾರ್ಮಿನ ಕಡೆ ಬೆರಳು ತೋರಿಸಿ, ಆ ವರ್ಷ ನಮ್ಮನ್ನು ಸೋಲಿಸಿದ್ದಕ್ಕೆ ಈ ಊರಿನವರ ಋಣ ನಮ್ಮ ಮೇಲಿದೆ ಅಂದರು. ಮಗಳನ್ನು ಕೊಟ್ಟಿದ್ದು ಇಲ್ಲಿಗೇ, ಅದಕ್ಕೇ ವಾರ ವಾರ ಬರುತ್ತೇನೆ ಅಂತಲೂ ಸೇರಿಸಿದರು.

ಮರುವರ್ಷವೂ ಇದೇ ಆಯಿತು. 1985ರಲ್ಲಿ ಶ್ರೂಸ್‌ಬರಿ ಬ್ಯಾಂಗರ್ ಸಿಟಿಯನ್ನು ಸೋಲಿಸಿತು. ಸೋತ ಬ್ಯಾಂಗರ್ ನಾರ್ವೆಯ ಫ್ರೆಡ್ರಿಕ್‌ಸ್ಟಾಡ್ ತಂಡವನ್ನು ದಾಟಿ ಅಟ್ಲೆಟಿಕೊ ಮ್ಯಾಡ್ರಿಡ್ ಎದುರು ಆಡಿತು. 1990ರಲ್ಲಿ ಹೆರೆಫರ್ಡ್‌ಗೆ ಸೋತ ರೆಕ್ಸ್‌ಹ್ಯಾಮ್ ಕೊನೆಗೆ ಮ್ಯಾಂಚೆಸ್ಟರ್ ಯುನೈಟೆಡ್ ಎದುರು ನಿಂತಿತು. ನನಗೆ ಇದು ಅನ್ಯಾಯ ಅಂತ ಅನ್ನಿಸುವುದಿಲ್ಲ. ಶ್ರೂಸ್‌ಬರಿ ಆಟಗಾರರಿಗೆ ಏನನ್ನಿಸಿರಬಹುದು ಅಂತ ಮಾತ್ರ ಆಗಾಗ ಯೋಚಿಸುತ್ತೇನೆ. ಕಪ್ ಎತ್ತಿ ಹಿಡಿದವರು ಸೋತವರ ಯುರೋಪ್ ಪ್ರವಾಸವನ್ನು ಪೇಪರಿನಲ್ಲಿ ಓದಬೇಕು.

ಬೇಲಿ ಹಾಕಿದ್ದು

1992ರಲ್ಲಿ ವೇಲ್ಸ್ ಫುಟ್‌ಬಾಲ್ ಸಂಸ್ಥೆ ದೇಶಕ್ಕೊಂದು ಲೀಗ್ ಶುರು ಮಾಡಿತು. ಅದರ ಹಿಂದೆ ಒಂದು ಭಯ ಇತ್ತು. ಬ್ರಿಟನ್ ಒಂದೇ ದೇಶ, ಆದರೂ ಫುಟ್‌ಬಾಲಿನಲ್ಲಿ ಅದಕ್ಕೆ ನಾಲ್ಕು ತಂಡ, ನಿಯಮ ಮಾಡುವ ಮಂಡಳಿಯಲ್ಲಿ ನಾಲ್ಕು ಮತ. ಇದೇನು ಅಂತ ಬೇರೆ ದೇಶಗಳು ಫಿಫಾದಲ್ಲಿ ಕೇಳತೊಡಗಿದ್ದವು. ಸ್ವಂತ ಲೀಗೇ ಇಲ್ಲದ ವೇಲ್ಸ್‌ಗೆ ಉತ್ತರ ಕೊಡುವುದು ಕಷ್ಟ ಆಗುತ್ತಿತ್ತು. ಆದರೆ ಎಂಟು ಕ್ಲಬ್ಬುಗಳು ಬರಲ್ಲ ಅಂದವು. ನಾವು ಇಂಗ್ಲೆಂಡಿನ ಲೀಗಿನಲ್ಲೇ ಚೆನ್ನಾಗಿದ್ದೇವೆ ಅನ್ನುವುದು ಅವರ ವಾದ. ಹಾಗಾದರೆ ವೇಲ್ಸ್ ನೆಲದಲ್ಲಿ ಆಡಬೇಡಿ ಅಂತ ಸಂಸ್ಥೆ ಹೇಳಿತು. ನ್ಯೂಪೋರ್ಟ್ ತಂಡ ತನ್ನ ಊರು ಬಿಟ್ಟು ಇಂಗ್ಲೆಂಡಿನ ಗ್ಲಾಸ್ಟರ್‌ನಲ್ಲಿ ತವರಿನ ಪಂದ್ಯ ಆಡಿತು. ಕೋರ್ಟಿಗೆ ಹೋದ ಕ್ಲಬ್ಬುಗಳು ಊರಿಗೆ ವಾಪಸ್ ಬಂದವು, 1995ರಲ್ಲಿ ಕೇಸನ್ನೂ ಗೆದ್ದವು. ಸಂಸ್ಥೆಯ ಉದ್ದೇಶ ನನಗೆ ಅರ್ಥವಾಗುತ್ತದೆ, ಊರಿಂದ ಓಡಿಸಿದ್ದು ಮಾತ್ರ ಸಣ್ಣತನ.

ಆ ವರ್ಷವೇ ಇನ್ನೊಂದು ಬಾಗಿಲು ಮುಚ್ಚಿತು. ಇಂಗ್ಲೆಂಡಿನ ಲೀಗುಗಳಲ್ಲಿ ಆಡುವ ಯಾರೂ, ಅವರ ಊರು ವೇಲ್ಸ್‌ನಲ್ಲೇ ಇದ್ದರೂ, 1995–96ರಿಂದ ವೇಲ್ಸ್ ಕಪ್ಪಿನಲ್ಲಿ ಇಲ್ಲ ಅಂತಾಯಿತು. ಅದಕ್ಕೆ ಮುಂಚಿನ ಕೊನೆಯ ಫೈನಲ್ಲಿನಲ್ಲಿ ಎದುರುಬದುರು ನಿಂತವರು ಕಾರ್ಡಿಫ್ ಮತ್ತು ರೆಕ್ಸ್‌ಹ್ಯಾಮ್. ದಕ್ಷಿಣದ ದೊಡ್ಡವರು, ಉತ್ತರದ ದೊಡ್ಡವರು. ಕಾರ್ಡಿಫ್‌ನ ನ್ಯಾಷನಲ್ ಸ್ಟೇಡಿಯಂನಲ್ಲಿ ರೆಕ್ಸ್‌ಹ್ಯಾಮ್ 2–1 ಗೆದ್ದಿತು. ಅಂಥ ಫೈನಲ್ ಮತ್ತೆ ಆಗಿಲ್ಲ. ನಡುವೆ 2011ರ ಸುಮಾರಿಗೆ ಮತ್ತೆ ಕರೆದದ್ದುಂಟು. ಕಾರ್ಡಿಫ್ ಬರಲಿಲ್ಲ, ದಕ್ಷಿಣದ ಇನ್ನೊಂದು ದೊಡ್ಡ ಕ್ಲಬ್ ಸ್ವಾನ್ಸಿಯೂ ಬರಲಿಲ್ಲ. ಊರ ಜಾತ್ರೆ ವರ್ಷ ವರ್ಷ ನಡೆಯುತ್ತದೆ, ದೊಡ್ಡ ಮನೆಯವರು ಪಕ್ಕದೂರಿನ ಜಾತ್ರೆಗೆ ಹೋಗಿರುತ್ತಾರೆ, ಹಾಗಿದೆ ಇದು.

ಅವರನ್ನು ದೂರುವುದೂ ಕಷ್ಟ. ಕಾರ್ಡಿಫ್ 1927ರಲ್ಲಿ ಆರ್ಸೆನಲ್ ತಂಡವನ್ನು 1–0 ಸೋಲಿಸಿ ಇಂಗ್ಲೆಂಡಿನ ಎಫ್ಎ ಕಪ್ಪನ್ನು ಗಡಿ ದಾಟಿಸಿತು. ಆ ಕಪ್ ಇಂಗ್ಲೆಂಡಿನ ಹೊರಗೆ ಹೋದದ್ದು ಅದೊಂದೇ ಸಲ. ಅವತ್ತು ಆರ್ಸೆನಲ್ ಗೋಲಿಯ ಕೈ ಜಾರಿ ಚೆಂಡು ಒಳಗೆ ಹೋಯಿತು, ಆ ಗೋಲಿ ಡ್ಯಾನ್ ಲೂಯಿಸ್ ವೇಲ್ಸ್‌ನವರೇ! 2013ರಲ್ಲಿ ಸ್ವಾನ್ಸಿ ಇಂಗ್ಲೆಂಡಿನ ಲೀಗ್ ಕಪ್ ಗೆದ್ದಿತು. ಇಂಗ್ಲೆಂಡಿಗೆ ಸಿಕ್ಕ ಜಾಗದಲ್ಲಿ ಯುರೋಪಿಗೆ ಹೋಗಿ ವೆಲೆನ್ಸಿಯಾ ಊರಿಗೇ ನುಗ್ಗಿ 3–0 ಗೆದ್ದಿತು. ಇಂಥದ್ದೆಲ್ಲ ಸಿಗುವ ಜಾಗ ಬಿಟ್ಟು ಬನ್ನಿ ಅಂದರೆ ಯಾರು ಬರುತ್ತಾರೆ?

ಉಳಿದವರ ಫೈನಲ್

ದೊಡ್ಡವರು ಹೋದ ಮೇಲೆ ಈ ಕಪ್ಪಿನ ಬೆಲೆ ಇಳಿಯಿತು ಅಂತ ಹಳಬರು ಹೇಳುತ್ತಾರೆ. ಪ್ರೇಕ್ಷಕರ ಲೆಕ್ಕ ಹಿಡಿದರೆ ಅದು ನಿಜವೇ. ಆದರೆ ಹಿಂದಿನ ಪಟ್ಟಿಯನ್ನೂ ಒಮ್ಮೆ ನೋಡಬೇಕು. 1964ರಿಂದ 1974ರ ನಡುವಿನ ಹನ್ನೊಂದು ಕಪ್ಪುಗಳಲ್ಲಿ ಒಂಬತ್ತು ಕಾರ್ಡಿಫ್‌ಗೆ ಹೋದವು. ಅದರ ಫಲ ಅವರು ಉಣ್ಣಲಿಲ್ಲ ಅಂತಲ್ಲ, 1971ರಲ್ಲಿ ರಿಯಲ್ ಮ್ಯಾಡ್ರಿಡ್ ತಂಡವನ್ನು ಕಾರ್ಡಿಫ್‌ನಲ್ಲಿ 1–0 ಸೋಲಿಸಿದರು. ಆದರೆ ಸಣ್ಣವರಿಗೆ ದಾರಿ ಎಲ್ಲಿತ್ತು? 1962ರಲ್ಲಿ ಬ್ಯಾಂಗರ್ ಸಿಟಿ ಕಪ್ ಗೆದ್ದು ನಾಪೋಲಿ ಎದುರು ಆಡಿತು. ತನ್ನೂರಲ್ಲಿ 2–0 ಗೆದ್ದು, ಅಲ್ಲಿ 3–1 ಸೋತು, ಲಂಡನ್ನಿನಲ್ಲಿ ಮೂರನೇ ಪಂದ್ಯ ಆಡಿ 2–1 ಸೋತಿತು. ಮರುವರ್ಷ ಬರೊ ಯುನೈಟೆಡ್ ಅನ್ನುವ ಪುಟ್ಟ ಕ್ಲಬ್ ಕಪ್ ಗೆದ್ದು, ಮಾಲ್ಟಾದ ಸ್ಲೀಮಾ ವಾಂಡರರ್ಸ್ ತಂಡವನ್ನು ದಾಟಿತು. ಯುರೋಪಿನಲ್ಲಿ ಒಂದು ಸುತ್ತು ಗೆದ್ದ ವೇಲ್ಸ್‌ನ ಮೊದಲ ಕ್ಲಬ್ ಕಾರ್ಡಿಫ್ ಅಲ್ಲ, ಅದು. ಕೆಲವೇ ವರ್ಷದಲ್ಲಿ ಕ್ಲಬ್ ಮುಚ್ಚಿಯೂ ಹೋಯಿತು.

ಈಗಿನ ಪಟ್ಟಿಯಲ್ಲಿ ಇಂಥ ಹೆಸರುಗಳೇ ತುಂಬಿವೆ. 1996ರಲ್ಲಿ ಗೆದ್ದದ್ದು ಲ್ಯಾನ್‌ಸಾಂಟ್‌ಫ್ರೈಡ್ ಅನ್ನುವ ಹಳ್ಳಿಯ ತಂಡ. 2013ರಲ್ಲಿ ಪ್ರೆಸ್ಟಾಟಿನ್. 2017ರಲ್ಲಿ ಸರೋವರದ ದಂಡೆಯ ಪುಟ್ಟ ಊರು ಬಾಲಾ. 2016ರಲ್ಲಿ ಫೈನಲ್ ತನಕ ಬಂದು ಸೋತದ್ದು ಏರ್‌ಬಸ್ ವಿಮಾನ ಕಾರ್ಖಾನೆಯ ತಂಡ. ಅವರ ಮೈದಾನ ರನ್‌ವೇ ಪಕ್ಕದಲ್ಲಿದೆ, ವಿಮಾನಗಳಿಗೆ ಅಡ್ಡ ಬರಬಾರದು ಅಂತ ಅಲ್ಲಿನ ಫ್ಲಡ್‌ಲೈಟ್ ಕಂಬಗಳನ್ನು ಕೆಳಗಿಳಿಸುವ ಹಾಗೆ ಮಾಡಿದ್ದಾರೆ. ಈ ತಂಡಗಳ ಹೆಚ್ಚಿನ ಆಟಗಾರರು ಹಗಲು ಬೇರೆ ಕೆಲಸ ಮಾಡುವವರು. ಒಂದು ಫೈನಲ್ ಗೆದ್ದು ಯುರೋಪಿನಲ್ಲಿ ಒಂದು ಸುತ್ತು ಆಡಿದರೆ ಸಿಗುವ ಹಣದಲ್ಲಿ ಅಂಥ ಕ್ಲಬ್ ಒಂದು ವರ್ಷ ನೆಮ್ಮದಿಯಾಗಿ ಇರಬಹುದು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 2012ರ ಫೈನಲ್. ಟಿಎನ್‌ಎಸ್ ಎದುರು ಕೆವ್ನ್ ಡ್ರೂಯಿಡ್ಸ್. ಇದಕ್ಕೆ ಹಿಂದಿನದು ಸ್ವಲ್ಪ ಹೇಳಬೇಕು. ಈ ಕಪ್ಪಿನ ಮೊಟ್ಟಮೊದಲ ಫೈನಲ್ ನಡೆದದ್ದು 1878ರ ಮಾರ್ಚ್‌ನಲ್ಲಿ, ರೆಕ್ಸ್‌ಹ್ಯಾಮ್ ಮತ್ತು ಡ್ರೂಯಿಡ್ಸ್ ನಡುವೆ. ಡ್ರೂಯಿಡ್ಸ್ ಅಂದರೆ ನನ್ನ ರೈಲು ನಿಂತ ರುವಾಬನ್ ಕಡೆಯವರು. ವೇಲ್ಸ್ ಫುಟ್‌ಬಾಲ್ ಸಂಸ್ಥೆ ಕಟ್ಟಿದ ವಕೀಲ ಲೂವೆಲಿನ್ ಕೆನ್ರಿಕ್ ಅವರೇ ಆ ತಂಡದ ನಾಯಕ. ಅವತ್ತು ರೆಕ್ಸ್‌ಹ್ಯಾಮ್ ಮುಂದಿನ ಸಾಲಿನಿಂದ ಒಬ್ಬನನ್ನು ಹಿಂದಕ್ಕೆಳೆದು ಹಿಂದೆ ಎರಡು, ನಡುವೆ ಮೂರು, ಮುಂದೆ ಐದು ಅಂತ ಆಟಗಾರರನ್ನು ನಿಲ್ಲಿಸಿತು. ಆಮೇಲೆ ಎಷ್ಟೋ ದಶಕ ಜಗತ್ತೆಲ್ಲ ಅದೇ ಕ್ರಮದಲ್ಲಿ ಆಡಿತು. ಪಂದ್ಯ ಮುಗಿಯುವ ಹೊತ್ತಿಗೆ ಜೇಮ್ಸ್ ಡೇವಿಸ್ ಹೊಡೆದ ಒಂದೇ ಗೋಲಿನಿಂದ ರೆಕ್ಸ್‌ಹ್ಯಾಮ್ ಗೆದ್ದಿತು. ಕೈಗೆ ಕೊಡಲು ಕಪ್ ಇನ್ನೂ ಸಿದ್ಧವಾಗಿರಲಿಲ್ಲ, ಸಂಸ್ಥೆಯ ಹತ್ತಿರ ದುಡ್ಡಿರಲಿಲ್ಲ. ಡ್ರೂಯಿಡ್ಸ್ ಆಮೇಲೆ ಎಂಟು ಸಲ ಗೆದ್ದರು. ಕೊನೆಯದು 1904ರಲ್ಲಿ.

ಆಮೇಲೆ 108 ವರ್ಷ ಕಾದು, ಎರಡನೇ ಡಿವಿಷನ್ನಿನಲ್ಲಿ ಇದ್ದುಕೊಂಡು ಅವರ ವಾರಸುದಾರರು ಫೈನಲ್ಲಿಗೆ ಬಂದರು. ಸೋತರು, 0–2. ಆದರೆ ಟಿಎನ್‌ಎಸ್ ಆ ವರ್ಷ ಲೀಗನ್ನೂ ಗೆದ್ದಿತ್ತು, ಅವರು ಚಾಂಪಿಯನ್ಸ್ ಲೀಗ್ ಕಡೆ ಹೋದರು. ಕಪ್ಪಿನ ಜಾಗ ಸೋತವರಿಗೆ ಬಂತು. ಡ್ರೂಯಿಡ್ಸ್ ಫಿನ್ಲೆಂಡಿನ ಮೈಪಾ ತಂಡವನ್ನು ಮೊದಲ ಪಂದ್ಯದಲ್ಲಿ 0–0ಕ್ಕೆ ನಿಲ್ಲಿಸಿದರು. ಅಲ್ಲಿ ಹೋಗಿ ಐದು ಗೋಲು ತಿಂದರು. ತಿನ್ನಲಿ ಬಿಡಿ.

ನ್ಯೂಪೋರ್ಟ್, 2024

2024ರ ಏಪ್ರಿಲ್ 28ರಂದು ಫೈನಲ್ ನಡೆದದ್ದು ನ್ಯೂಪೋರ್ಟಿನ ರಾಡ್ನಿ ಪರೇಡ್‌ನಲ್ಲಿ. ಆಡಿದ್ದು ಟಿಎನ್‌ಎಸ್ ಮತ್ತು ಕಾನಾಸ್ ಕೀ ನೋಮ್ಯಾಡ್ಸ್. ಎರಡೂ ಈಶಾನ್ಯ ಮೂಲೆಯ ತಂಡಗಳು, ಒಂದರಿಂದ ಇನ್ನೊಂದಕ್ಕೆ ಒಂದು ಗಂಟೆಯೂ ಹಿಡಿಯದ ದಾರಿ. ಫೈನಲ್ ಆಡಲು ಎರಡೂ ದೇಶದ ಆ ತುದಿಗೆ ಹೋದವು, ಅದೂ ಇಂಗ್ಲೆಂಡಿನ ಒಳಗಿಂದ. (ನಮ್ಮವರು ನಗುವ ಹಾಗಿಲ್ಲ. 2023ರಲ್ಲಿ ಕರ್ನಾಟಕ 54 ವರ್ಷದ ನಂತರ ಸಂತೋಷ್ ಟ್ರೋಫಿ ಗೆದ್ದದ್ದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ, ಮೇಘಾಲಯದ ಎದುರು.)

ಆ ಸೀಸನ್ನಿನಲ್ಲಿ ಟಿಎನ್‌ಎಸ್ ಲೀಗಿನಲ್ಲಿ ಒಂದೇ ಒಂದು ಪಂದ್ಯ ಸೋತಿರಲಿಲ್ಲ. ಅವರದ್ದು ಪೂರ್ತಿ ಸಂಬಳದ ಆಟಗಾರರ ತಂಡ. ಫಲಿತಾಂಶ ಗೊತ್ತೇ ಇದೆ ಅಂತ ನಾನು ಆ ಭಾನುವಾರ ಸ್ಕೋರ್ ಕೂಡ ನೋಡಲಿಲ್ಲ. ಮರುದಿನ ಹೈಲೈಟ್ಸ್ ನೋಡಿದರೆ ನೋಮ್ಯಾಡ್ಸ್ 2–1 ಗೆದ್ದಿದೆ! ಕಾಮೆಂಟರಿ ವೆಲ್ಷ್ ಭಾಷೆಯಲ್ಲಿತ್ತು. ನನಗೆ ಆಟಗಾರರ ಹೆಸರು ಬಿಟ್ಟು ಒಂದು ಮಾತೂ ಅರ್ಥವಾಗಲಿಲ್ಲ, ಆದರೆ ಆ ದನಿ ಏರಿದ ರೀತಿಗೆ ಅರ್ಥ ಬೇಕಿರಲಿಲ್ಲ. ಇದೇ ನೋಮ್ಯಾಡ್ಸ್ 2019ರಲ್ಲಿ ಸ್ಕಾಟ್‌ಲೆಂಡಿನ ಕಿಲ್ಮಾರ್ನಾಕ್ ತಂಡಕ್ಕೆ ಮನೆಯಲ್ಲಿ 1–2 ಸೋತು, ಅವರ ಊರಿಗೆ ಹೋಗಿ 2–0 ಗೆದ್ದು ಹೊರಗೆ ಕಳಿಸಿತ್ತು. ನಾನು ನೆನಪಿಟ್ಟುಕೊಂಡಿರಬೇಕಿತ್ತು.

ಅದೇ ವರ್ಷ ಟಿಎನ್‌ಎಸ್ ಬೇರೊಂದು ದಾಖಲೆ ಮಾಡಿತು. ಲೀಗ್ ಚಾಂಪಿಯನ್ ಆಗಿ ಯುರೋಪಿಗೆ ಹೋಗಿ, ಅಲ್ಲಿನ ಮೂರನೇ ದರ್ಜೆಯ ಟೂರ್ನಿಯಾದ ಕಾನ್ಫರೆನ್ಸ್ ಲೀಗಿನ ಮುಖ್ಯ ಹಂತ ಮುಟ್ಟಿದ ವೇಲ್ಸ್ ಲೀಗಿನ ಮೊದಲ ತಂಡ ಆಯಿತು. ಕಜಕಸ್ತಾನದ ಅಸ್ತಾನಾ ತಂಡವನ್ನು 2–0 ಸೋಲಿಸಿತು. ಅವರ ಸ್ವಂತ ಮೈದಾನ ಅಷ್ಟು ದೊಡ್ಡ ಪಂದ್ಯಕ್ಕೆ ಸಾಲದು, ಹಾಗಾಗಿ ತವರಿನ ಪಂದ್ಯಗಳನ್ನು ಹತ್ತಿರದ ದೊಡ್ಡ ಊರಿನಲ್ಲಿ ಆಡಿದರು. ಯಾವ ಊರು ಅಂತೀರಿ? ಶ್ರೂಸ್‌ಬರಿ. 1984ರಲ್ಲಿ ಕಪ್ ಗೆದ್ದೂ ಇಂಗ್ಲೆಂಡಿನವರು ಅಂತ ಯುರೋಪಿಗೆ ಹೋಗಲಾರದ ಊರಿಗೆ, ನಲವತ್ತು ವರ್ಷದ ಮೇಲೆ ವೇಲ್ಸ್ ತಂಡವೇ ಯುರೋಪನ್ನು ಕರೆತಂದಿತು.

2024ರ ಕೊನೆಗೆ ಇನ್ನೊಂದು ಸುದ್ದಿ ಬಂತು. ಕಾರ್ಡಿಫ್, ಸ್ವಾನ್ಸಿ, ರೆಕ್ಸ್‌ಹ್ಯಾಮ್, ನ್ಯೂಪೋರ್ಟ್ ಈ ನಾಲ್ಕೂ ಇಂಗ್ಲೆಂಡಿನ ಲೀಗಿನಲ್ಲೇ ಇದ್ದುಕೊಂಡು ವೇಲ್ಸ್‌ನ ಇನ್ನೊಂದು ಟೂರ್ನಿಯಾದ ಲೀಗ್ ಕಪ್ಪಿನಲ್ಲಿ ಆಡಲಿ, ಗೆದ್ದವರಿಗೆ ಯುರೋಪಿನ ಜಾಗ ಕೊಡೋಣ ಅನ್ನುವ ಯೋಜನೆ. ಅದರ ಹಣ ಸಣ್ಣ ಕ್ಲಬ್ಬುಗಳಿಗೂ ಹಂಚುವ ಮಾತಿತ್ತು. ನನಗೆ ಎರಡೂ ಮನಸ್ಸು. ಕಾರ್ಡಿಫ್–ರೆಕ್ಸ್‌ಹ್ಯಾಮ್ ಫೈನಲ್ ಮತ್ತೊಮ್ಮೆ ನೋಡುವ ಆಸೆ ಇದೆ, ಇಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಆಗ ಬಾಲಾ, ಪ್ರೆಸ್ಟಾಟಿನ್, ಡ್ರೂಯಿಡ್ಸ್ ಮತ್ತೆ 1964–74ರ ಕಾಲಕ್ಕೆ ಹೋಗಿಬಿಡುತ್ತವೆ. ದೊಡ್ಡವರು ಬರುವುದೇ ಆದರೆ ಮೊದಲ ಸುತ್ತಿನಿಂದ ಬರಲಿ. ಫೆಬ್ರವರಿಯ ಮಂಗಳವಾರ ರಾತ್ರಿ, ಬೆಟ್ಟದ ದಾರಿ ಹಿಡಿದು, ಬಾಲಾ ತಂಡದ ಮೈದಾನಕ್ಕೆ ರೆಕ್ಸ್‌ಹ್ಯಾಮ್ ಬಸ್ಸಿನಲ್ಲಿ ಹೋಗಲಿ. ಬೇಕಾದರೆ ಆ ನಟರೂ ಜೊತೆಗೆ ಬಂದು ಕೂರಲಿ.